ಹಾಸನದ ಗಾಜಿನ ಕಡಲಿಗೆ ಯಾವ ಮೀನು?

ಹಾಸನದ ಮೀನು ಮಾರುಕಟ್ಟೆಗೆ ಬಂಗುಡೆ, ಭೂತಾಯಿ ಬರುವುದು ಶಿರಾಡಿ ಘಾಟಿ ಹತ್ತಿ, ಐಸ್ ಮೇಲೆ ಮಲಗಿ. ಕಡಲಿನದೇ ಇನ್ನೊಂದು ಬಗೆಯ ಮೀನು ಜಿಲ್ಲೆಗೆ ಬರುವ ದಿಕ್ಕು ಇದಕ್ಕೆ ತದ್ವಿರುದ್ಧ. ಅದು ಬೆಂಗಳೂರಿನ ಕಡೆಯಿಂದ, ಚನ್ನರಾಯಪಟ್ಟಣದ ಹೆದ್ದಾರಿ ಹಿಡಿದು ಬರುತ್ತದೆ. ಥರ್ಮೋಕೋಲ್ ಪೆಟ್ಟಿಗೆಯೊಳಗೆ, ಆಮ್ಲಜನಕ ತುಂಬಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ, ಜೀವಂತವಾಗಿ. ಮೊದಲನೆಯದನ್ನು ಕೊಳ್ಳುವಾಗ ಕಿವಿರು ಎತ್ತಿ, ಕಣ್ಣು ನೋಡಿ, ಬೆರಳಿನಿಂದ ಒತ್ತಿ, ‘ಯಾವಾಗ ಬಂದಿದ್ದಪ್ಪಾ?’ ಎಂದು ವಿಚಾರಿಸುವ ಜನ, ಅದಕ್ಕಿಂತ ಹತ್ತಾರು ಪಟ್ಟು ದುಬಾರಿಯ ಎರಡನೆಯದನ್ನು ಕೊಳ್ಳುವಾಗ ಬಣ್ಣ ನೋಡಿ ಸುಮ್ಮನಾಗಿಬಿಡುತ್ತಾರೆ. ತಕರಾರು ಇರುವುದು ಅಲ್ಲೇ.

ಮನೆಯಲ್ಲಿ ಮೀನು ಸಾಕುವುದು ಈ ಭಾಗಕ್ಕೆ ಹೊಸದೇನಲ್ಲ. ಗೋಲ್ಡ್ ಫಿಶ್, ಗಪ್ಪಿ, ಮೋಲಿ ಎಷ್ಟೋ ಮನೆಗಳ ಹಜಾರದಲ್ಲಿವೆ. ವಾಸ್ತುವಿನ ಹೆಸರಿನಲ್ಲಿ ಅರೋವಾನ, ಫ್ಲವರ್ ಹಾರ್ನ್ ಕೂಡ ಬಂದು ಹೋದವು. ಇವೆಲ್ಲ ಸಿಹಿನೀರಿನವು. ಉಪ್ಪುನೀರಿನ ಟ್ಯಾಂಕ್ ಅದರ ಮುಂದಿನ ಮೆಟ್ಟಿಲು. ಮೊಬೈಲ್ ವಿಡಿಯೊಗಳು ಆ ಮೆಟ್ಟಿಲನ್ನು ತೀರಾ ಹತ್ತಿರ ತಂದಿಟ್ಟಿವೆ. ಹವ್ಯಾಸಕ್ಕೆ ಬಿದ್ದವರು ಟ್ಯಾಂಕ್ ಕೊಳ್ಳುವುದಕ್ಕೂ ಮೊದಲೇ ಪಟ್ಟಿ ಮಾಡಿಟ್ಟಿರುತ್ತಾರೆ. ಆ ಪಟ್ಟಿಗಳೂ ಹೆಚ್ಚುಕಡಿಮೆ ಒಂದೇ: ‘ನೀಮೊ’ ಎಂಬ ಕ್ಲೌನ್ ಮೀನು, ‘ಡೋರಿ’ ಎಂಬ ನೀಲಿ ಟ್ಯಾಂಗ್, ಹಳದಿ ಟ್ಯಾಂಗ್, ಮ್ಯಾಂಡರಿನ್, ಮೂರಿಶ್ ಐಡಲ್, ಲಯನ್ ಫಿಶ್, ಆಗಲೇಬೇಕೆಂದರೆ ಒಂದು ಜೋಡಿ ಕಡಲಕುದುರೆ.

ಈ ಪಟ್ಟಿಯಲ್ಲಿ ಕ್ಲೌನ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಡೆದುಹಾಕಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳಲ್ಲಿ, ನಾಲ್ಕಡಿಯ ಟ್ಯಾಂಕ್ ಇಟ್ಟುಕೊಂಡು ಹೊಸದಾಗಿ ಶುರು ಮಾಡುವವರು ಹೊಡೆದುಹಾಕಲೇಬೇಕು.

ಕಾರಣ ಮೀನಿನ ಹುಟ್ಟಿನಿಂದಲೇ ಶುರುವಾಗುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಸಂರಕ್ಷಣಾ ಕೇಂದ್ರ 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಲಂಕಾರಕ್ಕೆಂದು ವರ್ಷಕ್ಕೆ 2 ಕೋಟಿಗೂ ಹೆಚ್ಚು ಕಡಲ ಮೀನುಗಳು ಮಾರಾಟವಾಗುತ್ತಿದ್ದವು. ಜಾತಿಗಳ ಸಂಖ್ಯೆ 1,400 ದಾಟಿತ್ತು. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಸಾಕಣೆ ಕೊಳಗಳಲ್ಲಿ ಹುಟ್ಟಿದವು. ಕಡಲ ಮೀನುಗಳ ವಿಷಯದಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು: ತೊಂಬತ್ತಕ್ಕೂ ಹೆಚ್ಚು ಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು. ಅಂದರೆ ಚನ್ನರಾಯಪಟ್ಟಣದ ಮನೆಯೊಂದರಲ್ಲಿ ಈಜುವ ಗಪ್ಪಿ ತೊಟ್ಟಿಯಲ್ಲೇ ಹುಟ್ಟಿ ತೊಟ್ಟಿಯಲ್ಲೇ ಬೆಳೆದದ್ದು. ಪಕ್ಕದ ಮನೆಯ ಹಳದಿ ಟ್ಯಾಂಗ್ ಯಾವುದೋ ದ್ವೀಪದ ಬುಡದಲ್ಲಿ ಪಾಚಿ ಮೇಯುತ್ತಿದ್ದುದು.

ಹಿಡಿಯುವ ರೀತಿಯೂ ಎಲ್ಲ ಕಡೆ ಒಳ್ಳೆಯದಲ್ಲ. 1960ರ ದಶಕದಲ್ಲಿ ಫಿಲಿಪ್ಪೀನ್ಸಿನಲ್ಲಿ ಸಯನೈಡ್ ಬಳಕೆ ಶುರುವಾಯಿತು. ಸಯನೈಡ್ ಬೆರೆಸಿದ ನೀರನ್ನು ಹವಳದ ಸಂದಿಗೆ ಚಿಮುಕಿಸಿದರೆ ಒಳಗಿನ ಮೀನು ಮಂಪರು ಬಂದು ಹೊರಗೆ ತೇಲುತ್ತದೆ, ಕೈಯಲ್ಲೇ ಹಿಡಿಯಬಹುದು. ಹವಳ ಸಾಯುತ್ತದೆ. ಮೀನು ಆ ಹೊತ್ತಿಗೆ ಬದುಕಿದರೂ ಒಳಗಿನ ಅಂಗಗಳು ಕೆಟ್ಟು, ಕೊಂಡವನ ಮನೆಗೆ ಬಂದ ಮೇಲೆ ಕಾರಣ ತಿಳಿಯದಂತೆ ಸಾಯುತ್ತದೆ. ‘ನೀರು ಸರಿ ಇತ್ತು, ಊಟ ಮಾಡ್ತಿತ್ತು, ಬೆಳಗ್ಗೆ ಎದ್ದು ನೋಡಿದ್ರೆ ಸತ್ತಿತ್ತು’ ಎಂಬ ಮಾತು ಈ ಹವ್ಯಾಸದಲ್ಲಿ ತೀರಾ ಸಾಮಾನ್ಯ. ಎಲ್ಲದಕ್ಕೂ ಸಯನೈಡೇ ಕಾರಣ ಎನ್ನಲಾಗದು. ಆದರೆ ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲದ ಮೀನಿನ ವಿಷಯದಲ್ಲಿ ಇಲ್ಲ ಎನ್ನುವ ಧೈರ್ಯವೂ ಯಾರಿಗೂ ಇರದು.

ಇಲ್ಲಿ ಒಂದು ನ್ಯಾಯವಾದ ಎದುರುವಾದವಿದೆ. ಬಲೆ ಹಾಕಿ ಜೋಪಾನವಾಗಿ ಮೀನು ಹಿಡಿದು ಮಾರುವ ದ್ವೀಪವಾಸಿಗಳಿಗೆ ಅದೇ ಹೊಟ್ಟೆಪಾಡು. ಆ ಆದಾಯವಿದ್ದರೆ ಹವಳವನ್ನು ಅವರೇ ಕಾಯುತ್ತಾರೆ. ಬ್ರೆಜಿಲ್‌ನ ರಿಯೊ ನೀಗ್ರೊ ನದಿಯಲ್ಲಿ ಕಾರ್ಡಿನಲ್ ಟೆಟ್ರಾ ಹಿಡಿಯುವ ಹಳ್ಳಿಗರ ವಿಷಯದಲ್ಲಿ ಇಂಥ ವಾದ ನಿಲ್ಲುತ್ತದೆ. ಆದರೆ ಅದು ನಿಲ್ಲಬೇಕಾದರೆ ಹಿಡಿದವನಿಂದ ಕೊಂಡವನವರೆಗಿನ ಸರಪಳಿ ಕಾಣಬೇಕು. ದ್ವೀಪ, ದಲ್ಲಾಳಿ, ವಿಮಾನ, ಮಹಾನಗರದ ಸಗಟು ವ್ಯಾಪಾರಿ ಎಂದು ನಾಲ್ಕೈದು ಕೈ ದಾಟಿ ಹಾಸನದ ಗಿರಾಕಿಗೆ ಬರುವಷ್ಟರಲ್ಲಿ ಆ ಸರಪಳಿಯ ಒಂದು ಕೊಂಡಿಯೂ ಉಳಿದಿರುವುದಿಲ್ಲ.

ಬಂಗ್ಗಾಯ್ ಕಾರ್ಡಿನಲ್ ಎಂಬ ಪುಟ್ಟ ಮೀನಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಬೆಳ್ಳಿ ಮೈ, ಕಪ್ಪು ಪಟ್ಟೆ, ಉದ್ದನೆಯ ರೆಕ್ಕೆ. ಇಂಡೊನೇಷ್ಯಾದ ಬಂಗ್ಗಾಯ್ ದ್ವೀಪಗಳ ಸುತ್ತ ಮಾತ್ರ ಇದರ ಮೂಲನೆಲೆ. ಮೊಟ್ಟೆಗಳನ್ನು ಗಂಡುಮೀನು ಬಾಯಲ್ಲಿಟ್ಟುಕೊಂಡು, ಊಟ ಬಿಟ್ಟು ಕಾಯುತ್ತದೆ. ಮರಿಗಳು ಹೊರಬರುವಾಗಲೇ ಅಪ್ಪನ ಅಚ್ಚಿನಂತಿರುತ್ತವೆ, ಆದ್ದರಿಂದ ಮನೆಯ ಟ್ಯಾಂಕಿನಲ್ಲೂ ಮರಿ ಮಾಡಿಸುವುದು ಸುಲಭ. ಹೀಗಿದ್ದೂ ಹವ್ಯಾಸಿಗಳಿಗೆಂದು ಕಡಲಿನಿಂದ ಬಾಚಿದ್ದರಿಂದ 2007ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಪಾಯದಲ್ಲಿರುವ ಜೀವಿಯಾಯಿತು. ತೊಟ್ಟಿಯಲ್ಲಿ ಹುಟ್ಟಬಲ್ಲ ಮೀನನ್ನೂ ಕಡಲಿನಿಂದಲೇ ತಂದರು. ಹಿಡಿದು ತರುವುದು ಸಾಕುವುದಕ್ಕಿಂತ ಅಗ್ಗವಾಗಿತ್ತು, ಅಷ್ಟೆ.

ಕಡಲಕುದುರೆಯ ವಿಷಯದಲ್ಲಿ ಯೋಚಿಸುವ ಕೆಲಸವನ್ನು ಕಾನೂನೇ ಮಾಡಿಟ್ಟಿದೆ. 2001ರಲ್ಲಿ ಕಡಲಕುದುರೆಗಳನ್ನೂ ದಿಬ್ಬ ಕಟ್ಟುವ ಹವಳಗಳನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ತರಲಾಯಿತು. ನಮ್ಮ ಕಡಲಿನ ಕಡಲಕುದುರೆ ಹಿಡಿಯುವುದು, ಮಾರುವುದು ಜೈಲಿಗೆ ದಾರಿ. ‘ಲೈವ್ ರಾಕ್’ ಎಂದು ಹೇಳಿ ಹವಳದ ತುಂಡು ಕೈಗಿಡುವವರ ಬಗ್ಗೆಯೂ ಎಚ್ಚರ ಬೇಕು. ನೀರು ಶುದ್ಧವಾಗಿಡುವ ಬ್ಯಾಕ್ಟೀರಿಯಾ ನೆಲೆಸಲು ರಂಧ್ರವಿರುವ ಕಲ್ಲು ಸಾಕು. ಸೆರಾಮಿಕ್ ಅಥವಾ ಸಿಮೆಂಟಿನಲ್ಲಿ ಮಾಡಿದ ಕೃತಕ ಕಲ್ಲು ಅದೇ ಕೆಲಸ ಮಾಡುತ್ತದೆ, ಯಾವ ಭಯವೂ ಇಲ್ಲದೆ.

ಇನ್ನು ನೀರಿನ ಲೆಕ್ಕ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಹಿಡಿಯುವುದು ಸುಮಾರು 250 ಲೀಟರ್. ಗಾಜು, ಸ್ಟ್ಯಾಂಡ್, ಕಲ್ಲು ಸೇರಿದರೆ ತೂಕ 300 ಕಿಲೋ ಮೀರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಒಮ್ಮೆ ತುಂಬಿಸಲು 9 ಕಿಲೋ ಹತ್ತಿರ ಬೇಕು. ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಿದರೆ ವರ್ಷಕ್ಕೆ 45 ಕಿಲೋ. ಅಡುಗೆ ಉಪ್ಪು ನಡೆಯದು: ಕಡಲ ನೀರೆಂದರೆ ಬರೀ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಅದರದೇ ಪ್ರಮಾಣದಲ್ಲಿ ಇರಬೇಕು. ಅದಕ್ಕೆಂದೇ ಪ್ಯಾಕೆಟ್ ಉಪ್ಪು ಬರುತ್ತದೆ. ಅದನ್ನು ಬೋರ್‌ವೆಲ್ ನೀರಿಗೆ ಸುರಿದರೂ ಆಗದು. ಗಡಸು ನೀರಿನ ಲವಣ, ಹೊಲದ ಗೊಬ್ಬರದಿಂದ ಇಳಿದ ನೈಟ್ರೇಟ್ ಸೇರಿ ಟ್ಯಾಂಕಿನ ತುಂಬ ಪಾಚಿ. ಆರ್‌ಒ ನೀರು ಬೇಕೇ ಬೇಕು. ಆವಿಯಾಗಿ ನೀರು ಕಡಿಮೆಯಾದಾಗ ಮತ್ತೆ ಉಪ್ಪುನೀರು ಸುರಿಯುವುದು ಹೊಸಬರ ಸಾಮಾನ್ಯ ತಪ್ಪು. ಆವಿಯಾಗಿ ಹೋದದ್ದು ನೀರು ಮಾತ್ರ, ಉಪ್ಪು ಅಲ್ಲೇ ಇದೆ. ತುಂಬಿಸಬೇಕಾದದ್ದು ಸಪ್ಪೆ ನೀರನ್ನು.

ಮಂಗಳೂರಿಗೆ ಹೋದಾಗ ಪಣಂಬೂರಿನಲ್ಲಿ ಕ್ಯಾನು ತುಂಬಿಸಿಕೊಂಡು ಬಂದರಾಯಿತು ಎನ್ನುವವರೂ ಇದ್ದಾರೆ. ಬೇಸಿಗೆಯಲ್ಲಿ, ತೀರದಿಂದ ದೂರದ ಶುದ್ಧ ನೀರು ಸಿಕ್ಕರೆ ಆಗಬಹುದು. ಮಳೆಗಾಲದಲ್ಲಿ ಮಾತ್ರ ಆ ನೀರನ್ನು ನಂಬುವಂತಿಲ್ಲ. ಸಕಲೇಶಪುರದ ಮಳೆಯೇ ಕೆಂಪುಹೊಳೆಯಾಗಿ ಇಳಿದು, ಕುಮಾರಧಾರೆ, ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಕಡಲನ್ನು ತೆಳುವಾಗಿಸಿರುತ್ತದೆ. ಕಾರಿನಲ್ಲಿ ಹೊತ್ತು ಘಾಟಿ ಹತ್ತಿಸಿದ ನೀರಿನಲ್ಲಿ ಅರ್ಧ ಭಾಗ ನಮ್ಮೂರಿನ ಮಳೆಯೇ ಇದ್ದರೆ ಆಶ್ಚರ್ಯವಿಲ್ಲ.

ಹವೆಯೊಂದು ಹಾಸನದವರಿಗೆ ಅನುಕೂಲ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ‘ಬಡವರ ಊಟಿ’ಯಲ್ಲಿ, ಚೆನ್ನೈ ಹವ್ಯಾಸಿಗಳು ಸಾವಿರಾರು ರೂಪಾಯಿ ಸುರಿಯುವ, ನೀರು ತಂಪಾಗಿಸುವ ಚಿಲ್ಲರ್‌ನ ಗೋಜು ಕಡಿಮೆ. ಹವಳದ ಮೀನುಗಳಿಗೆ ಬೇಕಾದದ್ದು 24ರಿಂದ 27 ಡಿಗ್ರಿ. ಮಾಗಿಯ ಚಳಿಗೆ ಹೀಟರ್ ಇದ್ದರೆ ಆಯಿತು. ಕರೆಂಟಿನದು ಬೇರೆ ಕಥೆ. ಆಷಾಢದ ಗಾಳಿಗೆ ಅರಕಲಗೂಡಿನ ಕಡೆ ಮರ ಬಿದ್ದು ತಂತಿ ಹರಿದರೆ ರಾತ್ರಿಯಿಡೀ ಕತ್ತಲು. ಉಪ್ಪುನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸಿಹಿನೀರಿಗಿಂತ ಐದರಲ್ಲೊಂದು ಪಾಲು ಕಡಿಮೆ. ಪಂಪ್ ನಿಂತು ಕೆಲವು ಗಂಟೆ ಕಳೆದರೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ, ದೊಡ್ಡವು ಮೊದಲು ಸಾಯುತ್ತವೆ. ಪಟ್ಟಿಯಲ್ಲಿ ದೊಡ್ಡ ಮೀನಿದ್ದವರು ಮೊದಲು ಇನ್ವರ್ಟರ್ ಬರೆದುಕೊಳ್ಳಲಿ. ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಆದರೂ ಇರಲಿ.

ಈಗ ಒಂದೊಂದೇ ಹೆಸರಿಗೆ ಬರೋಣ. ಡೋರಿಯನ್ನು ಅಂಗಡಿಯಲ್ಲಿ ಮಾರುವುದು ಎರಡು ಇಂಚಿನ ಮರಿಯಾಗಿ. ಬೆಳೆದರೆ ಅದು ಒಂದಡಿಯ ಮೀನು, ದಿನವಿಡೀ ಹವಳದ ದಿಬ್ಬದುದ್ದಕ್ಕೂ ಈಜುವ ಜಾತಿ. ನಾಲ್ಕಡಿಯ ಟ್ಯಾಂಕಿನಲ್ಲಿ ಅದು ಗೋಡೆಯಿಂದ ಗೋಡೆಗೆ ತಿರುಗಿ ತಿರುಗಿ ಸೊರಗುತ್ತದೆ. ಮೈಮೇಲೆ ಬಿಳಿ ಚುಕ್ಕೆ ರೋಗ ಮೊದಲು ಹತ್ತುವುದೂ ಇದಕ್ಕೇ. ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿದೆ, ಕೈ ಹಾಕಿದವರಿಗೆ ಗೊತ್ತು. ತೊಟ್ಟಿಯಲ್ಲಿ ಇದನ್ನು ಮರಿ ಮಾಡಿಸಲು ಫ್ಲಾರಿಡಾ ವಿಶ್ವವಿದ್ಯಾಲಯದ ತಂಡಕ್ಕೆ ಸಾಧ್ಯವಾದದ್ದು 2016ರಲ್ಲಿ. ಹಳದಿ ಟ್ಯಾಂಗ್ ಹವಾಯಿಯಲ್ಲಿ ಅದಕ್ಕೂ ಒಂದು ವರ್ಷ ಮೊದಲು. ಅಷ್ಟು ಕಷ್ಟ. ಹೀಗಾಗಿ ಹಾಸನದಲ್ಲಿ ಸಿಗುವ ಡೋರಿ ಕಡಲಿನಿಂದ ಹಿಡಿದದ್ದೇ ಎಂದು ತಿಳಿಯುವುದು ಕ್ಷೇಮ.

ಮ್ಯಾಂಡರಿನ್‌ನ ವಿಷಯ ಇನ್ನೂ ಕರುಳು ಹಿಂಡುವಂಥದ್ದು. ನೀಲಿ, ಕಿತ್ತಳೆ, ಹಸಿರು ಗೆರೆಗಳ ಈ ಮೀನಿಗಿಂತ ಚೆಂದದ್ದು ಅಂಗಡಿಯಲ್ಲಿ ಇನ್ನೊಂದಿರುವುದಿಲ್ಲ. ಅದು ತಿನ್ನುವುದು ಕಲ್ಲಿನ ಮೇಲೆ ಹರಿದಾಡುವ, ಬರಿಗಣ್ಣಿಗೆ ಚುಕ್ಕೆಯಷ್ಟೇ ಕಾಣುವ ಕೋಪಿಪಾಡ್ ಎಂಬ ಜೀವಿಗಳನ್ನು. ದಿನವಿಡೀ ಒಂದೊಂದಾಗಿ ಹೆಕ್ಕುತ್ತಲೇ ಇರುತ್ತದೆ. ಹೊಸ ಟ್ಯಾಂಕಿನಲ್ಲಿ ಅವು ಮೊದಲ ಕೆಲವು ವಾರಗಳಲ್ಲೇ ಖಾಲಿ. ಒಣ ಆಹಾರ ಹಾಕಿದರೆ ಬಹುಪಾಲು ಮ್ಯಾಂಡರಿನ್‌ಗಳು ಕಣ್ಣೆತ್ತಿಯೂ ನೋಡುವುದಿಲ್ಲ. ಹೊಟ್ಟೆ ಒಳಕ್ಕೆ ಸೇರಿ, ಬಣ್ಣ ಮಾತ್ರ ಕೊನೆಯವರೆಗೂ ಮಾಸದೆ, ಹಸಿವಿನಿಂದ ಸಾಯುತ್ತದೆ. ಮೂರಿಶ್ ಐಡಲ್ ಕೂಡ ಅದೇ ದಾರಿಯದು. ಬೇರೆ ಮೀನುಗಳ ಮೈಮೇಲಿನ ಹುಳು ತಿಂದು ಬದುಕುವ ಕ್ಲೀನರ್ ರಾಸ್‌ಗೆ ನಾಲ್ಕು ಮೀನಿನ ಟ್ಯಾಂಕಿನಲ್ಲಿ ಹೊಟ್ಟೆ ತುಂಬುವಷ್ಟು ಕೆಲಸ ಎಲ್ಲಿಯದು?

ಲಯನ್ ಫಿಶ್ ತಿನ್ನಲು ತಕರಾರು ಮಾಡುವುದಿಲ್ಲ, ಬಾಯಿಗೆ ಹಿಡಿಸಿದ್ದನ್ನೆಲ್ಲ ತಿನ್ನುತ್ತದೆ. ಪಟ್ಟಿಯ ಉಳಿದ ಮೀನುಗಳನ್ನೂ. ಮುಳ್ಳಿನಲ್ಲಿ ವಿಷ ಬೇರೆ. ಹವ್ಯಾಸಿಗಳ ಟ್ಯಾಂಕಿನಿಂದ ಕಡಲಿಗೆ ಸೇರಿದ್ದೆನ್ನಲಾದ ಇದೇ ಮೀನು 1985ರಲ್ಲಿ ಫ್ಲಾರಿಡಾದ ತೀರದಲ್ಲಿ ಕಾಣಿಸಿಕೊಂಡು, ಮುಂದೆ ಕೆರಿಬಿಯನ್ ಉದ್ದಗಲಕ್ಕೂ ಹಬ್ಬಿ ಸ್ಥಳೀಯ ಮೀನುಗಳನ್ನು ನುಂಗಿ ನೀರು ಕುಡಿಯಿತು. ಇಪ್ಪತ್ತು ಮೂವತ್ತು ರೂಪಾಯಿಗೆ ಕೊಂಡ ಸಕ್ಕರ್ ಮೀನು ಬೆಳೆದು ದೊಡ್ಡದಾಯಿತೆಂದು ಕೆರೆಗೋ ಹೇಮಾವತಿ ನಾಲೆಗೋ ಬಿಟ್ಟು ಬರುವವರು ಈ ಸುದ್ದಿಯನ್ನು ಎರಡು ಸಲ ಓದಬೇಕು.

ಅಗ್ಗದ ನೀಲಿ ಡ್ಯಾಮ್ಸೆಲ್ ಹೆಚ್ಚಿನವರ ಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಹೆಚ್ಚಿನವರ ಟ್ಯಾಂಕಿನಲ್ಲಿ ಇರುತ್ತದೆ. ‘ಮೊದ್ಲು ಇದನ್ನ ಬಿಡಿ ಸಾರ್, ಇದು ಬದುಕಿದ್ರೆ ನೀರು ಸೆಟ್ ಆಗಿದೆ ಅಂತ’ ಎಂದು ಕೊಡುತ್ತಾರೆ. ಡ್ಯಾಮ್ಸೆಲ್ ಗಟ್ಟಿಜೀವ, ಬದುಕುತ್ತದೆ. ಬದುಕಿದ ಮೇಲೆ ಇಡೀ ಟ್ಯಾಂಕ್ ತನ್ನದೆಂದು ತಿಳಿದು ಆಮೇಲೆ ಬಂದವರನ್ನೆಲ್ಲ ಕಚ್ಚುತ್ತದೆ. ಹಿಡಿದು ಹೊರಹಾಕಬೇಕಾದರೆ ಜೋಡಿಸಿದ ಕಲ್ಲನ್ನೆಲ್ಲ ಎತ್ತಬೇಕು. ಟ್ಯಾಂಕ್ ಹದಕ್ಕೆ ಬರಲು ಮೀನೇ ಬೇಕೆಂದಿಲ್ಲ. ಚಿಟಿಕೆ ಮೀನಿನ ಆಹಾರವನ್ನು ಕೊಳೆಯಲು ಬಿಟ್ಟರೂ ಅಮೋನಿಯಾ ಹುಟ್ಟುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿ, ಇನ್ನೊಂದು ಬಗೆ ನೈಟ್ರೇಟ್ ಮಾಡಲು ನಾಲ್ಕರಿಂದ ಆರು ವಾರ. ಆ ವಾರಗಳಲ್ಲಿ ಟ್ಯಾಂಕ್ ಖಾಲಿಯಿದ್ದರೆ ನೆಂಟರು ನಗಬಹುದು. ನಗಲಿ.

ಹೀಗೆ ಹೊಡೆದು ಹಾಕಿದ ಮೇಲೆ ಉಳಿಯುವುದೇನು? ಮೊದಲನೆಯದು ಕ್ಲೌನ್ ಜೋಡಿ, ಅದೂ ತೊಟ್ಟಿಯಲ್ಲಿ ಹುಟ್ಟಿದ್ದು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ತನ್ನ ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ ಹಲವು ಬಗೆಯ ಕ್ಲೌನ್ ಮತ್ತು ಡ್ಯಾಮ್ಸೆಲ್ ಮರಿ ಮಾಡಿಸುವ ವಿಧಾನವನ್ನು ರೂಢಿಗೆ ತಂದಿದೆ. ಕ್ಲೌನ್‌ಗಳೆಲ್ಲ ಹುಟ್ಟುವಾಗ ಗಂಡು. ಗುಂಪಿನಲ್ಲಿ ಬಲವಾದದ್ದು ಹೆಣ್ಣಾಗುತ್ತದೆ. ಆದ್ದರಿಂದ ಒಂದು ದೊಡ್ಡದು, ಒಂದು ಚಿಕ್ಕದು ತಂದರೆ ಸಾಕು, ಜೋಡಿಯನ್ನು ಅವೇ ಮಾಡಿಕೊಳ್ಳುತ್ತವೆ. ‘ನೀಮೊ’ ಸಿನಿಮಾದಲ್ಲಿ ಕಂಡ ಅನೆಮೊನಿ ಇಲ್ಲದೆಯೂ ಸುಖವಾಗಿರುತ್ತವೆ. ಅನೆಮೊನಿಗೆ ಬೇಕಾದ ಜೋರು ಬೆಳಕು, ಹಳೆಯ ನೀರು ಹೊಸಬರ ಬಳಿ ಇರುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುವ ಮೀನು. ಜೊತೆಗೆ ತೊಟ್ಟಿಯಲ್ಲಿ ಹುಟ್ಟಿದ ಬಂಗ್ಗಾಯ್ ಕಾರ್ಡಿನಲ್ ಒಂದು ಜೋಡಿ, ಸಿಕ್ಕರೆ ಒಂದು ಗೋಬಿ. ಗೋಬಿಯ ಕೆಲವು ಜಾತಿಗಳು ಪಿಸ್ತೂಲ್ ಸೀಗಡಿಯೊಂದಿಗೆ ಸಂಸಾರ ಹೂಡುತ್ತವೆ: ಕಣ್ಣು ಮಂದದ ಸೀಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು, ತೋಡುವಾಗಲೂ ಸೀಗಡಿಯ ಒಂದು ಮೀಸೆ ಗೋಬಿಯ ಬಾಲಕ್ಕೆ ತಾಗಿಯೇ ಇರುತ್ತದೆ. ಡೋರಿಗಿಂತ ನೋಡಲು ಇದರಲ್ಲೇ ಹೆಚ್ಚು ವಿಷಯವಿದೆ. ಐದಾರು ಸಣ್ಣ ಮೀನು, ನಾಲ್ಕಡಿಗೆ ಅಷ್ಟೇ ಧಾರಾಳ.

ಆಯ್ಕೆ ಪಟ್ಟಿಯಲ್ಲೇ ಮುಗಿಯದು, ಅಂಗಡಿಯ ಗಾಜಿನ ಮುಂದೆಯೂ ನಡೆಯಬೇಕು. ‘ಸ್ವಲ್ಪ ಊಟ ಹಾಕಿ ನೋಡೋಣ’ ಎಂದು ಕೇಳುವುದು ಮೊದಲ ಕೆಲಸ. ಮೂಲೆಯಲ್ಲಿ ನಿಂತು ತಿನ್ನದ ಮೀನು ಎಷ್ಟೇ ಅಗ್ಗವಾದರೂ ಬೇಡ. ತಲೆಯ ಹಿಂದೆ, ಬೆನ್ನಿನ ಮೇಲ್ಭಾಗ ಗುಳಿ ಬಿದ್ದಿದ್ದರೆ ಬಹಳ ದಿನದಿಂದ ಉಪವಾಸ. ಕಿವಿರು ಜೋರಾಗಿ ಬಡಿಯುತ್ತಿದೆಯೇ, ಕಣ್ಣು ಮಂಜಾಗಿದೆಯೇ, ಮೈಗೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಇದೆಯೇ ನೋಡಬೇಕು. ನಿನ್ನೆ ತಾನೇ ಬಂದದ್ದಾದರೆ ಮುಂಗಡ ಕೊಟ್ಟು ವಾರ ಬಿಟ್ಟು ಹೋಗುವುದು ಜಾಣತನ.

ಚೀಲದಲ್ಲಿ ಬಹಳ ಹೊತ್ತು ಪ್ರಯಾಣ ಮಾಡಿ ಬಂದ ಮೀನಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕಟ್ಟಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ನೀರು ಹುಳಿಯ ಕಡೆ ವಾಲಿ, ಸೇರಿಕೊಂಡ ಅಮೋನಿಯಾ ಅಷ್ಟು ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿಹೋಗುತ್ತದೆ, ಅದೇ ಅಮೋನಿಯಾ ವಿಷವಾಗಿ ತಿರುಗುತ್ತದೆ. ಹಳಬರು ಹೇಳಿಕೊಟ್ಟಂತೆ ಚೀಲ ಬಿಚ್ಚಿಟ್ಟು ಗಂಟೆಗಟ್ಟಲೆ ಹನಿ ಹನಿ ನೀರು ಬಿಡುವುದು ಇಂಥ ಮೀನಿಗೆ ಉಪಕಾರವಲ್ಲ. ಚೀಲವನ್ನು ಕಟ್ಟಿದಂತೆಯೇ ತೇಲಿಸಿ ಬಿಸಿ ಸರಿಹೊಂದಿಸಿ, ಉಪ್ಪಿನ ಪ್ರಮಾಣ ಮೊದಲೇ ವಿಚಾರಿಸಿ ಅದಕ್ಕೆ ಹೊಂದಿಸಿಟ್ಟ ಬೇರೆ ಸಣ್ಣ ಟ್ಯಾಂಕಿಗೆ ಬೇಗ ಬಿಡಬೇಕು. ತಿಂಗಳ ಮಟ್ಟಿಗೆ ಅಲ್ಲೇ ಇರಲಿ. ರೋಗವಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಈ ಜಿಲ್ಲೆಗೆ ಮೀನನ್ನು ಹಿಡಿಯದೆ ನೋಡಿ ಸಂತೋಷಪಡುವ ಅಭ್ಯಾಸ ಇಲ್ಲವೆಂದೇನಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ವಹ್ನಿಪುಷ್ಕರಣಿಯಲ್ಲಿ ಮಹಸೀರ್ ಮೀನುಗಳಿಗೆ ಕಡ್ಲೆಪುರಿ ಎರಚುವ ಜನ ಅದನ್ನು ಮನೆಗೆ ಒಯ್ಯುವ ಯೋಚನೆ ಮಾಡುವುದಿಲ್ಲ. ಕಡಲ ಮೀನು ನೋಡುವ ಆಸೆಯವರಿಗೂ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗುವ ದಾರಿ ಇದೆ. ಚಿಟ್ಟೆಮೀನು, ಗಿಳಿಮೀನು ತಮ್ಮ ಪಾಡಿಗೆ ತಾವಿರುವುದನ್ನು ಅಲ್ಲಿ ನೀರಿನಡಿ ಕಾಣಬಹುದು. ಒಂದು ಸಾಧಾರಣ ಉಪ್ಪುನೀರಿನ ಟ್ಯಾಂಕಿಗೆ ತಗಲುವ ಖರ್ಚಿನಲ್ಲಿ ಇಡೀ ಮನೆಯವರು ಹೋಗಿ ಬರಬಹುದು.

ಮನೆಯಲ್ಲೇ ಬೇಕು ಎನ್ನುವವರಿಗೆ ಮಾತ್ರ ಸರ್ಕಾರ ಇನ್ನೊಂದು ಬಾಗಿಲು ತೆರೆಯಬೇಕು. ಕ್ಲೌನ್ ಮರಿ ಮಾಡಿಸಲು ಕಡಲ ತೀರವೇ ಬೇಕಿಲ್ಲ. ಪಳಗಿದ ಜೋಡಿ ಎರಡು ವಾರಕ್ಕೊಮ್ಮೆ ಮೊಟ್ಟೆ ಇಡುತ್ತದೆ, ಸುಮಾರು ಒಂದು ವಾರದಲ್ಲಿ ಕತ್ತಲಾದ ಮೇಲೆ ಮರಿಯೊಡೆಯುತ್ತವೆ, ಮೊದಲ ದಿನಗಳಲ್ಲಿ ರೋಟಿಫರ್ ಎಂಬ ಸೂಕ್ಷ್ಮಜೀವಿ ತಿನಿಸಬೇಕು. ಪ್ಯಾಕೆಟ್ ಉಪ್ಪು, ಆರ್‌ಒ ನೀರು, ಬಿಡದ ಶ್ರದ್ಧೆ ಇದ್ದರೆ ಹೊಳೆನರಸೀಪುರದ ಹಿತ್ತಲಲ್ಲೂ ಸಾಧ್ಯ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಹಿತ್ತಲಿನ ಅಲಂಕಾರಿಕ ಮೀನು ಘಟಕಗಳಿಗೆ ನೂರಕ್ಕೆ 40ರಷ್ಟು, ಮಹಿಳೆಯರು ಹಾಗೂ ಪರಿಶಿಷ್ಟರಿಗೆ 60ರಷ್ಟು ಸಹಾಯಧನ ಇಟ್ಟಿತು. ಕಡಲ ಮೀನಿಗೂ ಅದರಲ್ಲಿ ಜಾಗವಿತ್ತು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ, ಹಾಸನದ ಪಕ್ಕದ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಈ ಎರಡನ್ನೂ ಕೂಡಿಸಿ, ಆಸಕ್ತಿಯಿರುವ ಹತ್ತು ಮಂದಿಗಾದರೂ ಕ್ಲೌನ್ ಸಾಕಣೆಯ ತರಬೇತಿ ಕೊಡಿಸುವ ಕೆಲಸವನ್ನು ಜಿಲ್ಲಾ ಮೀನುಗಾರಿಕೆ ಇಲಾಖೆ ಕೈಗೆತ್ತಿಕೊಳ್ಳಲಿ. ಮೀನು ಎಲ್ಲಿ ಹುಟ್ಟಿತು ಎಂಬ ಚೀಟಿಯಿಲ್ಲದೆ ಕಡಲ ಮೀನು ಮಾರುವಂತಿಲ್ಲ ಎಂಬ ನಿಯಮವನ್ನೂ ರಾಜ್ಯ ಸರ್ಕಾರ ಅದರ ಜೊತೆಗೇ ತರಲಿ.